ಶಾಲೆಯ ಉಪಾಧ್ಯಾಯನಾಗಿದ್ದ ಗಣಿತಜ್ಞ ವೈಯರ್‌ಸ್ಟ್ರಾಸ್

ಯೌವನ ಕಳೆದಮೇಲೆ ಗಣಿತದಲ್ಲಿ ಹೊಸದೇನನ್ನೂ ಸಾಧಿಸಲಾಗದೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಅದನ್ನು ನಂಬುವವರು ಕಾರ್ಲ್ ವೈಯರ್‌ಸ್ಟ್ರಾಸ್‌ನ ಜೀವನವನ್ನು ಒಮ್ಮೆ ಅವಲೋಕಿಸಬೇಕು.

ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದಲ್ಲಿ 1815ರಲ್ಲಿ ಜನಿಸಿದ ಇವನನ್ನು ಸರ್ಕಾರಿ ಅಧಿಕಾರಿಯನ್ನಾಗಿ ಮಾಡಬೇಕೆಂಬುದು ತಂದೆಯ ಹಂಬಲ. ಮಗನಾದರೋ ಬಾನ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷಗಳನ್ನು ಕತ್ತಿವರಸೆಯಲ್ಲೂ ಪಾನಗೋಷ್ಠಿಗಳಲ್ಲೂ, ನಡುನಡುವೆ ಗಣಿತಗ್ರಂಥಗಳಲ್ಲೂ ಕಳೆದು, 1838ರಲ್ಲಿ ಪದವಿಯಿಲ್ಲದೆ ಮನೆಗೆ ಮರಳಿದನು. ಬಳಿಕ ಜೀವನೋಪಾಯಕ್ಕೆಂದು ಉಪಾಧ್ಯಾಯರ ಪರೀಕ್ಷೆಗೆ ಓದಲು ಮ್ಯೂನ್‌ಸ್ಟರ್‌ಗೆ ಹೋದದ್ದೇ ಅವನ ಭಾಗ್ಯ. ಅಲ್ಲಿ ಗುಡರ್‌ಮನ್‌ನಂತಹ ಗುರು ದೊರೆತನು.

ಮುಂದೆ ಇಂದಿನ ಪೋಲೆಂಡಿಗೆ ಸೇರಿದ ಎರಡು ಸಣ್ಣ ಊರುಗಳ ಶಾಲೆಗಳಲ್ಲಿ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲದ ಉಪಾಧ್ಯಾಯ ವೃತ್ತಿ. ಗಣಿತವಷ್ಟೇ ಅಲ್ಲ, ಸಸ್ಯಶಾಸ್ತ್ರ, ಭೂಗೋಳ, ಅಕ್ಷರ ತಿದ್ದಿಸುವುದು, ಅಂಗಸಾಧನೆ—ಎಲ್ಲವೂ ಅವನ ಪಾಲಿಗೇ! ಗಣಿತದ ಮಾತನಾಡಲು ಜೊತೆಗಾರರಿಲ್ಲ. ಶಾಲೆಯ ವಾರ್ಷಿಕ ಪತ್ರಿಕೆಯಲ್ಲಿ ಅಚ್ಚಾದ ಅವನ ಶ್ರೇಷ್ಠ ಲೇಖನವನ್ನು ಯಾರೂ ಗಮನಿಸಲಿಲ್ಲ. ಕೊನೆಗೆ 1854ರಲ್ಲಿ ಕ್ರೆಲ್ಲೆಯ ಪತ್ರಿಕೆಯಲ್ಲಿ ಆಬೆಲ್ ಫಲನಗಳನ್ನು ಕುರಿತ ಪ್ರಬಂಧ ಪ್ರಕಟವಾದೊಡನೆ ಯೂರೋಪಿನ ವಿದ್ವಾಂಸರು ಬೆರಗಾದರು. ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1856ರಲ್ಲಿ ಬರ್ಲಿನ್ ಅವನನ್ನು ಕರೆಸಿಕೊಂಡಿತು.

1861ರಲ್ಲಿ ಆರೋಗ್ಯ ಕುಸಿಯಿತು. ಅಂದಿನಿಂದ ಆತನು ಕುಳಿತೇ ಉಪನ್ಯಾಸ ಮಾಡುವನು, ಶಿಷ್ಯನೊಬ್ಬನು ಹಲಗೆಯ ಮೇಲೆ ಬರೆಯುವನು. ಸ್ತ್ರೀಯೆಂಬ ಕಾರಣದಿಂದ ಬರ್ಲಿನ್‌ನಲ್ಲಿ ಪ್ರವೇಶ ಸಿಗದ ಸೋಫ್ಯ ಕೊವಲೆವ್‌ಸ್ಕಯಾಳಿಗೆ 1870ರಿಂದ ನಾಲ್ಕು ವರ್ಷ ಖಾಸಗಿಯಾಗಿ ಪಾಠ ಹೇಳಿದನು.

ಕಲನಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಇವನ 1872ರ ಉದಾಹರಣೆಯೊಂದು ವಿಶೇಷವಾಗಿ ರುಚಿಸೀತು. ಎಲ್ಲಿಯೂ ಕಡಿಯದ ರೇಖೆಗೆ, ಕೆಲವು ಮೊನೆಗಳನ್ನು ಬಿಟ್ಟರೆ, ಸ್ಪರ್ಶರೇಖೆಯನ್ನು ಎಳೆಯಬಹುದೆಂದು ಆಗ ಬಹುಮಂದಿ ಭಾವಿಸಿದ್ದರು. ಚಿತ್ರವನ್ನು ನಂಬಿದರೆ ಹಾಗೆಯೇ ತೋರುತ್ತದೆ. ವೈಯರ್‌ಸ್ಟ್ರಾಸ್ ಚಿತ್ರವನ್ನು ನಂಬುವವನಲ್ಲ. ಒಂದು ಅಲೆಯನ್ನು ತೆಗೆದುಕೊಳ್ಳಿ. ಅದರ ಮೇಲೆ ಅರ್ಧದಷ್ಟೇ ಎತ್ತರದ, ಆದರೆ 13 ಪಟ್ಟು ವೇಗವಾಗಿ ಏರಿಳಿಯುವ ಇನ್ನೊಂದನ್ನು ಕೂಡಿಸಿ. ಹೀಗೆಯೇ ಅನಂತವಾಗಿ ಮುಂದುವರಿಸಿ. ಎತ್ತರಗಳು ಬೇಗ ಕುಗ್ಗುವುದರಿಂದ ಮೊತ್ತವು ಅವಿಚ್ಛಿನ್ನ ರೇಖೆಯೇ. ಆದರೆ ಅಲೆಗಳ ಕಡಿದು ಪ್ರತಿಸಲವೂ ಆರೂವರೆ ಪಟ್ಟು ಹೆಚ್ಚುತ್ತದೆ! ಈ ರೇಖೆಗೆ ಯಾವ ಬಿಂದುವಿನಲ್ಲೂ ಸ್ಪರ್ಶರೇಖೆಯಿಲ್ಲವೆಂದು ಆತನು ಸಾಧಿಸಿ ತೋರಿಸಿದನು. (ಬೊಲ್ಜಾನೊ ಇಂಥದೊಂದನ್ನು ಮೊದಲೇ ಕಂಡಿದ್ದನು, ಅವನ ಹಸ್ತಪ್ರತಿ ಇಪ್ಪತ್ತನೆಯ ಶತಮಾನದವರೆಗೆ ಬೆಳಕಿಗೆ ಬರಲಿಲ್ಲ.)

ಫ್ರಾನ್ಸಿನ ಎರ್ಮಿತ್‌ನಂತಹ ಮಹಾಗಣಿತಜ್ಞನಿಗೂ ಇಂಥ ಫಲನಗಳೆಂದರೆ ಜುಗುಪ್ಸೆ. ವೈಯರ್‌ಸ್ಟ್ರಾಸ್ 1897ರಲ್ಲಿ ತೀರಿಕೊಂಡನು. ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳ ಅಡ್ಡಾದಿಡ್ಡಿ ಓಟಕ್ಕೆ ನಾರ್ಬರ್ಟ್ ವೀನರ್ 1923ರಲ್ಲಿ ಗಣಿತದ ರೂಪ ಕೊಟ್ಟನಷ್ಟೆ. ಅಲ್ಲಿ ಕಣದ ಹಾದಿಗೂ ಸ್ಪರ್ಶರೇಖೆಯಿಲ್ಲ.