ಒಳಗೆ ಬರಬಹುದು, ಹೊರಗೆ ಹೋಗುವಂತಿಲ್ಲ!

ತಂತ್ರಾಂಶವೊಂದನ್ನು ಅಮೆರಿಕದೊಳಗೆ ತರಿಸಿಕೊಳ್ಳಬಹುದು. ಅದನ್ನೇ ಪರವಾನಗಿಯಿಲ್ಲದೆ ಹೊರಕ್ಕೆ ಕಳಿಸಿದರೆ ಅಪರಾಧ! 'ಡೆಬಿಯನ್' ಬಳಗ ಸಿಕ್ಕಿಕೊಂಡ ಪೇಚು ಇದು. 1993ರಲ್ಲಿ ಹುಟ್ಟಿದ ಡೆಬಿಯನ್ ಮುಕ್ತ ತಂತ್ರಾಂಶಗಳ ಸಂಗ್ರಹ. ನಾನಾ ದೇಶಗಳ ಸ್ವಯಂಸೇವಕರು ತಂತ್ರಾಂಶಗಳನ್ನು ಗಣಕಕ್ಕೆ ಸುಲಭವಾಗಿ ಅಳವಡಿಸುವಂಥ ಪ್ಯಾಕೇಜುಗಳನ್ನಾಗಿ ಮಾಡಿ ಉಚಿತವಾಗಿ ಹಂಚುತ್ತಾರೆ.

ಸಂದೇಶವನ್ನು ಪರರಿಗೆ ಅರ್ಥವಾಗದಂತೆ ಬದಲಿಸುವ ಗೂಢಲಿಪಿ ತಂತ್ರಾಂಶ 1996ರವರೆಗೂ ಅಮೆರಿಕದ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿತ್ತು. ಆಮೇಲೂ ರಫ್ತಿಗೆ ನಿರ್ಬಂಧ ತಪ್ಪಲಿಲ್ಲ. ಡೆಬಿಯನ್ನಿನ ಮುಖ್ಯ ಭಂಡಾರ ಇದ್ದದ್ದೋ ಅಮೆರಿಕದಲ್ಲೇ! ಕೊನೆಗೆ, ದೂರದ ಗಣಕದೊಡನೆ ಭದ್ರವಾಗಿ ವ್ಯವಹರಿಸುವ 'ಎಸ್‌ಎಸ್‌ಎಚ್', ಇ-ಅಂಚೆಯ ಗುಟ್ಟು ಕಾಯುವ 'ಗ್ನುಪಿಜಿ'ಯಂಥವನ್ನು ಬೇರ್ಪಡಿಸಿ ನೆದರ್ಲೆಂಡ್ಸ್‌ನ ಗಣಕವೊಂದರಲ್ಲಿಟ್ಟರು. ಆ ವಿಭಾಗದ ಹೆಸರೇ 'ನಾನ್-ಯುಎಸ್'. ಅಮೆರಿಕದಲ್ಲಿ ಕುಳಿತವರು ಅಲ್ಲಿಗೆ ಕಡತ ಕಳಿಸಿದರೆ ಅದೂ ರಫ್ತೇ. ಹಾಗಾಗಿ ಆ ಕೆಲಸ ಹೊರಗಿನವರ ಪಾಲಾಯಿತು. ಬಳಕೆದಾರರಿಗೂ ಎರಡೆರಡು ಕಡೆ ಹುಡುಕುವ ಕಾಟ. ಅತ್ಯಗತ್ಯವಾದ ಬೀಗವೇ ಬೇರೆ ಅಂಗಡಿಯಲ್ಲಿ!

2000ದ ಜನವರಿಯಲ್ಲಿ ನಿಯಮ ಸಡಿಲವಾಯಿತು. ಎಲ್ಲರಿಗೂ ಮುಕ್ತವಾಗಿ ಸಿಗುವ ಮೂಲ ಸಂಕೇತವಾದರೆ ಸರ್ಕಾರಕ್ಕೆ ತಿಳಿಸಿದರೆ ಸಾಕೆಂದಾಯಿತು. ಆದರೂ ಡೆಬಿಯನ್ ಅವಸರಪಡದೆ ವಕೀಲರ ಸಲಹೆ ಪಡೆಯಿತು. 2002ರ ಜುಲೈಯಲ್ಲಿ ಹೊರಬಂದ 3.0 ಆವೃತ್ತಿಯಲ್ಲಿ ಗೂಢಲಿಪಿ ಪ್ಯಾಕೇಜುಗಳು ಮುಖ್ಯ ಭಂಡಾರ ಸೇರಿದವು. 2005ರ 3.1 ಆವೃತ್ತಿಯಲ್ಲಿ 'ನಾನ್-ಯುಎಸ್' ವಿಭಾಗವೇ ಇರಲಿಲ್ಲ.