ಹಳೇ ಕಟ್ಟಡ ಉಳಿಸಬೇಕು ಸರಿ, ಖರ್ಚು ಯಾರದ್ದು?

ಮುಂಬೈನಲ್ಲಿರೋರು ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನದ ಹತ್ತಿರ ಒಮ್ಮೆ ನಿಂತು ನೋಡಿ. ಒಂದು ಕಡೆ ಹೈಕೋರ್ಟು, ಯೂನಿವರ್ಸಿಟಿ. ಎದುರಿಗೆ ಆರ್ಟ್ ಡೆಕೋ ಅಪಾರ್ಟ್‌ಮೆಂಟುಗಳ ಸಾಲು. 2018ರಲ್ಲಿ ಇವೆಲ್ಲ ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಾವು ಫೋಟೋ ತೆಗೆದುಕೊಂಡು ಹೋಗ್ತೀವಿ. ಆದರೆ ಆ ಮನೆಗಳಲ್ಲಿ ಜನ ಇದ್ದಾರೆ. ಮಳೆಗಾಲದಲ್ಲಿ ಗೋಡೆ ಸೋರಿದರೆ ಏನು ಮಾಡೋದು ಅನ್ನೋ ಚಿಂತೆ ಅವರದ್ದು.

ನಮ್ಮ ಕೆಲಸದ ಭಾಷೆಯಲ್ಲೇ ಹೇಳ್ತೀನಿ. ಹಳೇ ಕೋಡ್ ಮುಟ್ಟಬೇಡಿ ಅಂತ ಮ್ಯಾನೇಜರ್ ಸುಲಭವಾಗಿ ಹೇಳಿಬಿಡ್ತಾರೆ. ಮೇಂಟೆನೆನ್ಸ್‌ಗೆ ಬಜೆಟ್ ಮತ್ತು ಅದನ್ನು ಬಲ್ಲ ಜನ ಎಲ್ಲಿ? ಕಟ್ಟಡಗಳ ವಿಷಯದಲ್ಲೂ ಪ್ರಶ್ನೆ ಇದೇ.

ಇಂಗ್ಲೆಂಡಿನಲ್ಲಿ ‘ಲಿಸ್ಟೆಡ್ ಬಿಲ್ಡಿಂಗ್’ ಪದ್ಧತಿ ಇದೆ. ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಅರಮನೆ, ಚರ್ಚು ಮಾತ್ರವಲ್ಲ, ಸಾಧಾರಣ ಮನೆಗಳೂ ಇವೆ. ಅನುಮತಿಯಿಲ್ಲದೆ ಕಟ್ಟಡದ ಸ್ವರೂಪ ಬದಲಿಸಿದರೆ ಅದು ಅಪರಾಧ. ಆದರೆ ರಿಪೇರಿ ಖರ್ಚು ಹೆಚ್ಚಾಗಿ ಮಾಲೀಕರದ್ದೇ.

ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. 1913ರ ಕಾನೂನಿನಡಿ ಸಂರಕ್ಷಿತವಾದ ಕಟ್ಟಡದ ರಿಪೇರಿಗೆ ಸರ್ಕಾರದ ನೆರವು ಸಿಗಬಹುದು, ತೆರಿಗೆಯಲ್ಲೂ ರಿಯಾಯಿತಿ ಇದೆ. 1943ರಲ್ಲಿ ಸ್ಮಾರಕದ ಸುತ್ತ 500 ಮೀಟರ್‌ವರೆಗಿನ ಪರಿಸರವನ್ನೂ ನಿಯಂತ್ರಣಕ್ಕೆ ತಂದರು.

ಜಪಾನಿನದ್ದು ನನಗೆ ತುಂಬಾ ಇಷ್ಟವಾದ ಉತ್ತರ. 1949ರಲ್ಲಿ ಹೋರ್ಯೂಜಿ ದೇವಾಲಯಕ್ಕೆ ಬೆಂಕಿ ಬಿದ್ದು ಪುರಾತನ ಭಿತ್ತಿಚಿತ್ರಗಳು ಹಾಳಾದವು. ಮರುವರ್ಷವೇ ಸಾಂಸ್ಕೃತಿಕ ಸ್ವತ್ತುಗಳ ರಕ್ಷಣೆಗೆ ಕಾನೂನು ಬಂತು. 1975ರಲ್ಲಿ ಅದಕ್ಕೆ ತಿದ್ದುಪಡಿ ತಂದು ಕಟ್ಟಡ ರಿಪೇರಿ ಮಾಡೋ ಕೌಶಲ್ಯವನ್ನೂ ರಕ್ಷಣೆಯೊಳಗೆ ಸೇರಿಸಿದರು. ಮರ ಕೊಳೆಯುತ್ತೆ, ಬದಲಿಸಲೇಬೇಕು. ಬದಲಿಸಲು ಬರುವ ಬಡಗಿಯೇ ಇಲ್ಲದಿದ್ದರೆ ಕಾನೂನು ಇದ್ದೇನು ಪ್ರಯೋಜನ?

ನಮ್ಮಲ್ಲಿ 1958ರ ಕಾನೂನು ಇದೆ. 2010ರ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಸ್ಮಾರಕಕ್ಕೆ ಇದು ಒಳ್ಳೆಯದೇ. ಆದರೆ ಹಂಪಿ ನೆನಪಿಸಿಕೊಳ್ಳಿ. ವಿರೂಪಾಕ್ಷ ಗುಡಿ ಮುಂದಿನ ಸಾಲು ಮಂಟಪಗಳಲ್ಲಿ ಜನ ಮನೆ, ಅಂಗಡಿ ಮಾಡಿಕೊಂಡಿದ್ದರು. 2011ರಲ್ಲಿ ಅವರನ್ನು ತೆರವುಗೊಳಿಸಿದರು. ಮಂಟಪಕ್ಕೆ ಧಕ್ಕೆಯಾಗ್ತಿತ್ತು ಅನ್ನೋದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಕಲ್ಲು ಉಳಿಸೋಕೆ ಹೊರಟಾಗ ಅಲ್ಲಿ ಬದುಕಿದವರ ಲೆಕ್ಕವೂ ಮೊದಲೇ ಆಗಬೇಕಿತ್ತು.

ಕೊಡೋ ದಾರಿ ಇಲ್ಲವಾ? ಇದೆ. ಮುಂಬೈನಲ್ಲಿ 1995ರ ಹೆರಿಟೇಜ್ ನಿಯಮಗಳಲ್ಲಿ ಟಿಡಿಆರ್ ಅವಕಾಶ ಇಟ್ಟರು. ಪಟ್ಟಿಯಲ್ಲಿರೋ ಕಟ್ಟಡದ ಮೇಲೆ ಮಾಲೀಕ ಹೆಚ್ಚು ಮಹಡಿ ಎಬ್ಬಿಸುವಂತಿಲ್ಲ. ಹಾಗೆ ಕೈತಪ್ಪಿದ ಕಟ್ಟುವ ಹಕ್ಕನ್ನು ಬೇರೆ ಕಡೆ ಬಳಸಲು ಮಾರಬಹುದು. ಕಳೆದುಕೊಂಡವನಿಗೆ ಏನೋ ಒಂದು ವಾಪಸ್ ಬಂತು.

ನನ್ನ ಅಭಿಪ್ರಾಯ ಇಷ್ಟೇ: ‘ಕೆಡವಬೇಡಿ’ ಅನ್ನೋ ಆದೇಶದ ಜೊತೆ ದುಡ್ಡು, ಕುಶಲಕರ್ಮಿ, ಮತ್ತು ಅಲ್ಲಿರೋರ ಜೊತೆ ಮಾತುಕತೆ, ಈ ಮೂರೂ ಬರಬೇಕು. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಬೀದಿಯ ಹಳೇ ತೊಟ್ಟಿಮನೆ ನೋಡಿ. ‘ಅಯ್ಯೋ, ಕೆಡವಿಬಿಟ್ರಾ’ ಅನ್ನೋ ಮೊದಲು ಆ ಮನೆಯವರನ್ನು ಕೇಳಿ: ಹೆಂಚು ಕಟ್ಟಿಸೋಕೆ ಎಷ್ಟಾಗುತ್ತೆ, ಕಟ್ಟೋರು ಸಿಗ್ತಾರಾ ಅಂತ. ಅವರು ಕೊಟ್ಟ ಉತ್ತರವನ್ನು ನನಗೂ ಬರೆದು ತಿಳಿಸಿ.