ಹೊಲದ ಮೇಲಿನ ಹೈಟೆನ್ಷನ್ ಲೈನೂ ಪಂಚಾಯಿತಿಯ ಅಧಿಕಾರವೂ

ಕೊರಟಗೆರೆಯ ಕಡೆಯ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ: ಗ್ರಾಮ ಪಂಚಾಯಿತಿಯು ಸರ್ವಾನುಮತದಿಂದ ಠರಾವು ಮಾಡಿ, ತನ್ನ ಎಲ್ಲೆಯೊಳಗೆ ಹೈಟೆನ್ಷನ್ ಲೈನು ಬರಕೂಡದೆಂದು ತಡೆದರೆ ಲೈನು ನಿಲ್ಲುವುದೇ, ನಿಲ್ಲದಿದ್ದರೆ, ಅದು ಮನೆಯಿಂದ ಎಷ್ಟು ದೂರವಿದ್ದರೆ ಕ್ಷೇಮ? ಪ್ರಶ್ನೆಯ ಪೂರ್ವಾರ್ಧವು ನ್ಯಾಯಶಾಸ್ತ್ರಕ್ಕೂ ಉತ್ತರಾರ್ಧವು ವಿಜ್ಞಾನಕ್ಕೂ ಸೇರಿದ್ದೆಂದು ಮೇಲ್ನೋಟಕ್ಕೆ ತೋರಿದರೂ, ಕಾಯಿದೆಯು ವಿಧಿಸುವ ದೂರಗಳೆಲ್ಲ ವಿದ್ಯುತ್ತಿನ ಸ್ವಭಾವದಿಂದಲೇ ಹುಟ್ಟಿದವಾದುದರಿಂದ ಎರಡನ್ನೂ ಒಟ್ಟಿಗೇ ವಿಚಾರಿಸುವುದು ಯುಕ್ತ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯ ಮೇಲೆ ಎದ್ದ ಸೌರ ಉದ್ಯಾನವು 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡು, 2019ರ ಕೊನೆಗೆ 2,050 ಮೆಗಾವ್ಯಾಟಿನ ಸಾಮರ್ಥ್ಯವನ್ನು ಮುಟ್ಟಿತು. ಅತ್ತ ವಿಜಯಪುರ ಜಿಲ್ಲೆಯ ಕೂಡಗಿಯ ಉಷ್ಣಸ್ಥಾವರದ ವಿದ್ಯುತ್ತನ್ನು ಧಾರವಾಡದ ಬಳಿಯ ನರೇಂದ್ರದಿಂದ ಹೊತ್ತು ತರುವ ಮಾರ್ಗವು, 765 ಕಿಲೋವೋಲ್ಟಿಗೆ ಯೋಗ್ಯವಾದ ಗೋಪುರಗಳ ಮೇಲೆ ಆರಂಭದಲ್ಲಿ 400 ಕಿಲೋವೋಲ್ಟಿನ ಒತ್ತಡವನ್ನಷ್ಟೇ ಧರಿಸಿ, ವಿದ್ಯುಜ್ಜಾಲದ ನಕ್ಷೆಗಳಲ್ಲಿ ಮಧುಗಿರಿ ಎಂದೇ ಹೆಸರಾದ ಉಪಕೇಂದ್ರಕ್ಕೆ ಬಂದು, ಅಲ್ಲಿಂದ ಬಿಡದಿಯತ್ತ ಸಾಗುತ್ತದೆ. ಬೆಂಗಳೂರು ಬಯಸುವ ಬೆಳಕಿಗೆ ಈ ಬಯಲುಸೀಮೆಯೇ ಹೆಬ್ಬಾಗಿಲಾಗಿದೆ.

ಇಷ್ಟೊಂದು ಭಯಂಕರವಾದ ಒತ್ತಡವೇತಕ್ಕೆ ಬೇಕು? ವರ್ತಕನೊಬ್ಬನು ಒಂದು ಲಕ್ಷ ರೂಪಾಯಿಯನ್ನು ಪಾವಗಡದಿಂದ ಬೆಂಗಳೂರಿಗೆ ಆಳುಗಳ ಮೂಲಕ ಕಳುಹಿಸಬೇಕಾಗಿದೆಯೆಂದು ಭಾವಿಸೋಣ. ಹಣವೆಲ್ಲ ಒಂದೊಂದು ರೂಪಾಯಿಯ ನಾಣ್ಯಗಳಾಗಿದ್ದರೆ ಮೂಟೆಗಳನ್ನು ಹೊರಲು ಬಹುಮಂದಿ ಬೇಕು. ಅವರಿಗೆಲ್ಲ ದಾರಿಯುದ್ದಕ್ಕೂ ಊಟ, ಕೂಲಿ. ಆ ವೆಚ್ಚವೆಲ್ಲ ಮೂಟೆಯಿಂದಲೇ ತೆರತಕ್ಕದ್ದು. ಅದೇ ಹಣವನ್ನು ಐನೂರರ ನೋಟುಗಳಾಗಿ ಮಾರ್ಪಡಿಸಿದರೆ ಒಬ್ಬನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿಯಾನು. ಇಲ್ಲಿ ಒಂದೊಂದು ನಾಣ್ಯದ ಬೆಲೆಯೇ ವೋಲ್ಟೇಜು. ನಾಣ್ಯಗಳ ಸಂಖ್ಯೆಯೇ ತಂತಿಯಲ್ಲಿ ಹರಿಯುವ ಪ್ರವಾಹ. ಚಿಲ್ಲರೆಯನ್ನು ನೋಟಾಗಿಯೂ, ಊರು ಮುಟ್ಟಿದ ಮೇಲೆ ನೋಟನ್ನು ಮತ್ತೆ ಚಿಲ್ಲರೆಯಾಗಿಯೂ ಬದಲಾಯಿಸಿಕೊಡುವ ಅಂಗಡಿಯೇ ಟ್ರಾನ್ಸ್‌ಫಾರ್ಮರು. ಆದರೆ ವಿದ್ಯುತ್ತಿನ ಲೆಕ್ಕ ವರ್ತಕನ ಲೆಕ್ಕಕ್ಕಿಂತಲೂ ನಿಷ್ಠುರವಾದುದು. ತಂತಿಯು ಕಾದು ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ, ಆಳುಗಳು ಇಮ್ಮಡಿಯಾದರೆ ಕೂಲಿ ನಾಲ್ಮಡಿಯಾಗುತ್ತದೆ. 2,000 ಮೆಗಾವ್ಯಾಟನ್ನು 400 ಕಿಲೋವೋಲ್ಟಿನಲ್ಲಿ ಸಾಗಿಸಲು ಸುಮಾರು 2,900 ಆಂಪಿಯರು ಸಾಕು. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಬರುವ 11 ಕಿಲೋವೋಲ್ಟಿನಲ್ಲಿ ಅದನ್ನೇ ಸಾಗಿಸಹೊರಟರೆ ಒಂದು ಲಕ್ಷ ಆಂಪಿಯರಿಗೂ ಮಿಗಿಲಾಗಿ ಬೇಕು. ಅಷ್ಟನ್ನು ತಾಳುವ ತಂತಿಯನ್ನು ಯಾವ ಗೋಪುರವೂ ಹೊರಲಾರದು.

ಈ ಮರ್ಮವನ್ನು ಮೈಸೂರು ಸಂಸ್ಥಾನವು ಬಹು ಬೇಗ ಗ್ರಹಿಸಿತೆಂಬುದು ನಮಗೆ ಹೆಮ್ಮೆಯ ವಿಷಯ. ಜರ್ಮನಿಯಲ್ಲಿ ಲೌಫನ್ ಊರಿನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರು ದೂರ ವಿದ್ಯುತ್ತನ್ನು ಒಯ್ದು ತೋರಿಸಿದ್ದು 1891ರಲ್ಲಿ, ವಸ್ತುಪ್ರದರ್ಶನವೊಂದರ ಸಂದರ್ಭದಲ್ಲಿ. ಅದಾದ ಹನ್ನೊಂದೇ ವರ್ಷಗಳಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ ಇಂಜಿನಿಯರ್ ಜೋಲಿ ದ ಲೋಟ್‌ಬಿನಿಯೇರ್ ಅವರ ಮೇಲ್ವಿಚಾರಣೆಯಲ್ಲಿ ಮುಗಿದ ಶಿವನಸಮುದ್ರದ ಯೋಜನೆಯು, 1902ರ ಜೂನ್ ತಿಂಗಳ ಕೊನೆಗೆ, 35,000 ವೋಲ್ಟುಗಳ ಒತ್ತಡದಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಮುಟ್ಟಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಗಳ ಮೇಲೆ. ಹೊಲದವನ ತಲೆಯ ಮೇಲಿನಿಂದ ಹಾದು ದೂರದವರ ಮನೆ ಬೆಳಗುವ ಪದ್ಧತಿ ಹೊಸತೇನೂ ಅಲ್ಲ.

ಇನ್ನು ಕಾಯಿದೆ. ಈ ಮಹಾಗೋಪುರಗಳನ್ನು ಇಂದಿಗೂ ಆಳುತ್ತಿರುವುದು 1885ರ ತಂತಿ ಕಾಯಿದೆಯೆಂದರೆ ಅನೇಕರು ನಂಬಲಿಕ್ಕಿಲ್ಲ. ಟೆಲಿಗ್ರಾಫಿನ ಸಣ್ಣ ಕಂಬವನ್ನು ಯಾರ ಭೂಮಿಯಲ್ಲಾದರೂ ನೆಡುವ ಅಧಿಕಾರವನ್ನು ಅಂದಿನ ಸರ್ಕಾರವು ಅದರ 10ನೆಯ ಕಲಮಿನಿಂದ ಪಡೆದುಕೊಂಡಿತು. ಆ ಅಧಿಕಾರವನ್ನೇ 1910ರ ವಿದ್ಯುತ್ ಕಾಯಿದೆಯ 51ನೆಯ ಕಲಮೂ, ಬಳಿಕ 2003ರ ಕಾಯಿದೆಯ 164ನೆಯ ಕಲಮೂ ವಿದ್ಯುತ್ ಮಾರ್ಗಗಳಿಗೆ ದಯಪಾಲಿಸಲು ಅವಕಾಶ ಮಾಡಿದವು. 2023ರ ದೂರಸಂಪರ್ಕ ಕಾಯಿದೆಯು ಹಳೆಯ ತಂತಿ ಕಾಯಿದೆಯನ್ನು ರದ್ದುಪಡಿಸುವಾಗಲೂ ಈ ಭಾಗವನ್ನು ಮಾತ್ರ ವಿದ್ಯುತ್ ಮಾರ್ಗಗಳ ಸಲುವಾಗಿ ಜೀವಂತವಾಗಿ ಉಳಿಸಿತು. ಭೂಮಿಯು ಸ್ವಾಧೀನವಾಗುವುದಿಲ್ಲ, ಉಪಯೋಗದ ಹಕ್ಕು ಮಾತ್ರ ಸಲ್ಲುತ್ತದೆ. ಆದುದರಿಂದಲೇ ಟವರು ನಿಂತ ಜಾಗದ ಪಹಣಿ ರೈತನ ಹೆಸರಿನಲ್ಲಿಯೇ ಮುಂದುವರಿಯುತ್ತದೆ. ಮಾಲೀಕನ ಪೂರ್ವಾನುಮತಿ ಅನಿವಾರ್ಯವಲ್ಲವೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ರೈತನು ಅಡ್ಡಿಪಡಿಸಿದರೆ ತಂತಿ ಕಾಯಿದೆಯ 16ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳು ಅನುಮತಿಯಿತ್ತು ಕೆಲಸವನ್ನು ಮುಂದುವರಿಸಬಹುದು.

ಹಾಗಾದರೆ ಪಂಚಾಯಿತಿಗೆ ಏನೂ ಇಲ್ಲವೇ? ಉಂಟು, ಆದರೆ ಪತ್ರ ಬರೆದವರು ನಿರೀಕ್ಷಿಸಿದಷ್ಟಿಲ್ಲ. ಸ್ಥಳೀಯ ಸಂಸ್ಥೆಯಲ್ಲಿ ನಿಹಿತವಾದ, ಅಥವಾ ಅದರ ಆಡಳಿತಕ್ಕೊಳಪಟ್ಟ ಸ್ವತ್ತಿನ ಮೇಲೆ ಅದರ ಅನುಮತಿಯಿಲ್ಲದೆ ಕೈಯಿಡಕೂಡದೆಂದು ಅದೇ 10ನೆಯ ಕಲಮು ವಿಧಿಸುತ್ತದೆ. ಅನುಮತಿ ಕೊಡುವಾಗ ತನಗೆ ತಗಲುವ ವೆಚ್ಚ, ಕೆಲಸದ ಕಾಲ, ಕೆಲಸದ ರೀತಿ ಇವುಗಳ ವಿಷಯದಲ್ಲಿ ನ್ಯಾಯಸಮ್ಮತವಾದ ಷರತ್ತುಗಳನ್ನು ಹಾಕಲು 12ನೆಯ ಕಲಮು ಎಡೆಗೊಡುತ್ತದೆ. ಪಂಚಾಯಿತಿಯು ನಿರಾಕರಿಸಿದರೆ, ಕೇಂದ್ರ ಸರ್ಕಾರವು ನೇಮಿಸಿದ ಅಧಿಕಾರಿಯೇ ವಿವಾದವನ್ನು ತೀರ್ಮಾನಿಸುತ್ತಾನೆ. ಹೀಗೆ ಪಂಚಾಯಿತಿಯ ರಸ್ತೆಯ ಮಾತಾದರೆ ಠರಾವಿಗೆ ತೂಕವುಂಟು. ರೈತರ ಹೊಲದ ಮೇಲಿನ ಲೈನಿಗೆ ಅದು ಮನವಿಪತ್ರಕ್ಕಿಂತ ಹೆಚ್ಚಲ್ಲ.

ದೂರದ ಪ್ರಶ್ನೆಗೆ ಬರೋಣ. 400 ಕಿಲೋವೋಲ್ಟಿನ ಮಾರ್ಗಕ್ಕೆ 46 ಮೀಟರು ಅಗಲದ ಪಟ್ಟಿ ಬೇಕೆಂದೂ, ಅತಿ ಕೆಳಗೆ ಜೋತ ತಂತಿಯೂ ನೆಲದಿಂದ 8.84 ಮೀಟರು ಮೇಲಿರಬೇಕೆಂದೂ, ತಂತಿಗೂ ಮರಕ್ಕೂ ನಡುವೆ 5.5 ಮೀಟರು ಬರಿದಾಗಿರಬೇಕೆಂದೂ ನಿಯಮಗಳಿವೆ. ತಂತಿಯ ಎತ್ತರದಿಂದ ಮರದ ಈ ಅಂತರವನ್ನು ಕಳೆದರೆ, ತಂತಿ ಜೋತ ನಡುಭಾಗದಲ್ಲಿ ಗಿಡಕ್ಕೆ ಉಳಿಯುವುದು ಸುಮಾರು 3.3 ಮೀಟರು. ಪರಿಹಾರದಲ್ಲಿನ ಅನ್ಯಾಯದ ಬೇರು ಇಲ್ಲಿದೆ. ಪಾವಗಡದ, ಸಿರಾದ ಕಡಲೆಕಾಯಿ ಹೊಲದಲ್ಲಿ ಟವರಿನ ನಾಲ್ಕು ಕಾಲುಗಳ ನಡುವಣ ತುಂಡು ಹೋದರೆ ಮಿಕ್ಕ ಪಟ್ಟಿಯಲ್ಲಿ ಬಿತ್ತನೆ ನಿರಾತಂಕ. ರಾಗಿಯೂ ತೊಗರಿಯೂ ತಂತಿಯಡಿಯಲ್ಲಿ ಮೊದಲಿನಂತೆಯೇ ಬೆಳೆಯುತ್ತವೆ. ಕೊರಟಗೆರೆಯ ತೆಂಗು ಅಡಕೆಯ ತೋಟದಲ್ಲಿ, ಮಧುಗಿರಿಯ ಹುಣಸೆಮರಗಳ ಸಾಲಿನಲ್ಲಿ ಹಾಗಲ್ಲ: ಕಿಲೋಮೀಟರಿಗೆ ಸುಮಾರು ಹನ್ನೊಂದು ಎಕರೆಯ ಮರವೆಲ್ಲ ಉರುಳತಕ್ಕದ್ದು, ಮತ್ತೆ ನೆಡುವಂತೆಯೂ ಇಲ್ಲ. ಕೇಂದ್ರ ವಿದ್ಯುತ್ ಸಚಿವಾಲಯದ 2015ರ ಮಾರ್ಗಸೂಚಿಯು ಟವರಿನ ತಳಕ್ಕೆ ಭೂಮಿಯ ಬೆಲೆಯ ಶೇಕಡ 85ನ್ನೂ ತಂತಿಯಡಿಯ ಪಟ್ಟಿಗೆ ಹೆಚ್ಚೆಂದರೆ ಶೇಕಡ 15ನ್ನೂ ಸೂಚಿಸಿತ್ತು. 2024ರ ಜೂನಿನಲ್ಲಿ ಇವು ಕ್ರಮವಾಗಿ ಶೇಕಡ 200ಕ್ಕೂ 30ಕ್ಕೂ ಏರಿದವು. ಮರದ ಪರಿಹಾರ ಬೇರೆಯೇ ಆದರೂ, ಹೊಲಕ್ಕೂ ತೋಟಕ್ಕೂ ಒಂದೇ ಶೇಕಡಾವಾರು ಹಿಡಿಯುವುದು ಸಸ್ಯದ ಎತ್ತರವನ್ನು ಮರೆತ ಲೆಕ್ಕವೆಂದೇ ನನ್ನ ಅಭಿಪ್ರಾಯ.

ಮನೆಗಾದರೋ, 400 ಕಿಲೋವೋಲ್ಟಿನ ತಂತಿಯಿಂದ ಅಡ್ಡಲಾಗಿ 5.6 ಮೀಟರು ಅಂತರವನ್ನು ಸುರಕ್ಷತಾ ನಿಯಮವು ವಿಧಿಸುತ್ತದೆ. ಇದು ಕಿಡಿ ಹಾರದಿರಲೆಂದು ಗೊತ್ತುಮಾಡಿದ ದೂರ. ಸೋನೆಮಳೆಯ ರಾತ್ರಿ ಲೈನಿನಡಿ ಕೇಳಿಬರುವ ಚಿರುಗುಟ್ಟುವಿಕೆ, ಹತ್ತಿರದ ತಂತಿಬೇಲಿಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು, ಕೈಯಲ್ಲಿ ಹಿಡಿದ ಟ್ಯೂಬ್‌ಲೈಟು ಮಂದವಾಗಿ ಬೆಳಗುವುದು, ಇವೆಲ್ಲ ವಿದ್ಯುತ್ ಕ್ಷೇತ್ರದ ಲೀಲೆಗಳು. ಬೇಲಿಗೆ ಅರ್ಥಿಂಗ್ ಮಾಡಿಸಿದರೆ ಆ ಉಪದ್ರವ ತೀರುತ್ತದೆ. ಜನರ ಭಯವಿರುವುದು ಗೋಡೆಯನ್ನೂ ಹಾದುಹೋಗುವ ಕಾಂತಕ್ಷೇತ್ರದ ವಿಷಯದಲ್ಲಿ. 1979ರಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ ಎಂಬಿಬ್ಬರು, ಅಮೆರಿಕದ ಡೆನ್ವರಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮಕ್ಕಳ ಮನೆಗಳ ಬಳಿ ಭಾರಿ ತಂತಿಗಳು ಹೆಚ್ಚಾಗಿದ್ದವೆಂದು ಪ್ರಕಟಿಸಿದಂದಿನಿಂದ ವಾದ ನಿಂತಿಲ್ಲ. ಸರಾಸರಿ 0.4 ಮೈಕ್ರೋಟೆಸ್ಲಕ್ಕೆ ಮೀರಿದ ಕ್ಷೇತ್ರದಲ್ಲಿ ಬೆಳೆದ ಮಕ್ಕಳಲ್ಲಿ ಈ ವಿರಳ ವ್ಯಾಧಿಯ ಸಂಭವ ಇಮ್ಮಡಿಯೆಂದು 2000ದ ಸಮೀಕ್ಷೆಗಳು ಹೇಳಿದವು. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಇಂಥ ಕಾಂತಕ್ಷೇತ್ರವನ್ನು ಕ್ಯಾನ್ಸರ್‌ಕಾರಕವಾಗಿರಬಹುದಾದವುಗಳ ಪಟ್ಟಿಗೆ ಸೇರಿಸಿತು. ಆದರೆ ಬ್ರಿಟನ್ನಿನಲ್ಲಿ ದಶಕಗಳ ದಾಖಲೆಗಳನ್ನು ಜಾಲಾಡಿದವರಿಗೆ, 1980ರ ಈಚೆಗೆ ಹುಟ್ಟಿದ ಮಕ್ಕಳಲ್ಲಿ ಆ ಸಂಬಂಧವೇ ಕಾಣಲಿಲ್ಲ. ತಂತಿಯ ಭೌತವಿಜ್ಞಾನ ಬದಲಾಗದೆ ರೋಗದ ಸಂಬಂಧ ಮಾತ್ರ ಕರಗಿತೆಂದರೆ, ಕಾರಣ ಕಾಂತಕ್ಷೇತ್ರವಲ್ಲವೆಂಬ ಸಂಶಯಕ್ಕೆ ಬಲ ಬರುತ್ತದೆ. ಹೀಗಿದ್ದೂ ನೆದರ್‌ಲೆಂಡ್ಸ್ ಸರ್ಕಾರವು 2005ರಲ್ಲಿ, 0.4 ಮೈಕ್ರೋಟೆಸ್ಲಕ್ಕೆ ಮೀರುವ ಪಟ್ಟಿಯೊಳಗೆ ಹೊಸದಾಗಿ ಮನೆಗಳಿಗಾಗಲಿ ಶಾಲೆಗಳಿಗಾಗಲಿ ಎಡೆಗೊಡಬೇಡಿರೆಂದು ತನ್ನ ಪುರಸಭೆಗಳಿಗೆ ಸಲಹೆಯಿತ್ತಿತು. ಲೈನನ್ನು ಕದಲಿಸುವುದಕ್ಕಿಂತ ಕಟ್ಟಡವನ್ನು ದೂರವಿಡುವುದು ಅಗ್ಗವೆಂಬ ವಿವೇಕ ಅದರಲ್ಲಿದೆ.

ಅದು ನಮ್ಮ ಗ್ರಾಮ ಪಂಚಾಯಿತಿಗಳಿಗೂ ಸಾಧ್ಯ. ಏಕೆಂದರೆ ಮನೆ ಕಟ್ಟಲು ಪರವಾನಗಿ ಕೊಡುವುದು ಅವೇ. ಕೊರಟಗೆರೆಯ ಮಿತ್ರರಿಗೆ ನನ್ನ ಸೂಚನೆ ಇಷ್ಟು: ಲೈನೇ ಬೇಡವೆಂಬ ಠರಾವಿಗಿಂತ, ಲೈನಿನ ಪಟ್ಟಿಯನ್ನು ಗ್ರಾಮದ ನಕ್ಷೆಯಲ್ಲಿ ಗುರುತಿಸಿ ಅಲ್ಲಿ ಮನೆಗಾಗಲಿ ಅಂಗನವಾಡಿಗಾಗಲಿ ಪರವಾನಗಿ ಕೊಡುವುದಿಲ್ಲವೆಂಬ ಠರಾವನ್ನು ಮಾಡಿಸಿರಿ, ಸರ್ವೆಯವರು ಬಂದ ದಿನವೇ ಮರಗಳನ್ನು ಎಣಿಸಿ, ವಯಸ್ಸನ್ನೂ ಫಸಲನ್ನೂ ಬರೆಯಿಸಿ, ಮಹಜರಿನ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿರಿ, ಕೊಟ್ಟ ಪರಿಹಾರ ಸಾಲದೆಂದು ತೋರಿದರೆ ತಂತಿ ಕಾಯಿದೆಯ 16ನೆಯ ಕಲಮಿನ 3ನೆಯ ಉಪಕಲಮಿನ ಮೇರೆಗೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಿರಿ.